ಎರಡನೆಯ ಭಾಗದಲ್ಲಿ ಅವರೆಲ್ಲ ಎಲ್ಲಿ ಹೋದರು?



ಒಗ್ಗರಣೆಗೆ ಕರಿಬೇವು ಬಿದ್ದರೆ ಅದರ ಘಮ ಬೀದಿಯವರೆಗೂ ಹೋಗುತ್ತದೆ. ಊಟಕ್ಕೆ ಕೂತವರು ಮಾತ್ರ ಅದನ್ನು ಹೆಕ್ಕಿ ಹೆಕ್ಕಿ ಎಲೆಯ ತುದಿಗೆ ಸರಿಸುತ್ತಾರೆ. ಈಗೀಗ ಬರುತ್ತಿರುವ ‘ಭಾಗ ಎರಡು’ ಚಿತ್ರಗಳನ್ನು ನೋಡುವಾಗ ನನಗೆ ಈ ಕರಿಬೇವಿನ ನೆನಪೇ ಬರುತ್ತದೆ. ಮೊದಲನೆಯ ಭಾಗದಲ್ಲಿ ನಾಯಕನಿಗೆ ಅನ್ನ ಹಾಕಿದ ತಾಯಿ, ಧೈರ್ಯ ಹೇಳಿದ ಗೆಳೆಯ, ಪ್ರೀತಿಸಿದ ಹುಡುಗಿ, ಅವನಿಗಾಗಿ ಕಣ್ಣೀರಿಟ್ಟ ನೆರೆಯವರು ಎಲ್ಲರೂ ಇರುತ್ತಾರೆ. ಎರಡನೆಯ ಭಾಗ ಬರುವಷ್ಟರಲ್ಲಿ ಅರ್ಧ ಜನ ಎಲೆಯ ತುದಿ ಸೇರಿರುತ್ತಾರೆ.

ನಿಮ್ಮಲ್ಲೂ ಅನೇಕರಿಗೆ ಹೀಗನ್ನಿಸಿರಬಹುದು. ಭಾನುವಾರ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಟಿ.ವಿ. ಮುಂದೆ ಕೂರುತ್ತೇವೆ. ಮಕ್ಕಳು ಹಾಕಿಕೊಂಡಿರುವುದು ಯಾವುದೋ ಸೂಪರ್‌ಹೀರೋ ಚಿತ್ರ. ಅವರ ಕಣ್ಣೆಲ್ಲ ಹೊಡೆದಾಟದ ಮೇಲೆ. ನಮ್ಮ ಕಣ್ಣು ಬೇರೆ ಕಡೆ. “ಅಲ್ಲ ಕಣೋ, ಹೋದ ಸಲ ಇದ್ದಳಲ್ಲ ಆ ಹುಡುಗಿ, ಎಲ್ಲಿ ಹೋದಳು? ಆ ಮುದುಕಪ್ಪ ಏನಾದ?” ಅಂತ ಕೇಳಿದರೆ, “ಸುಮ್ನೆ ನೋಡಮ್ಮ” ಅಂತ ಗದರುತ್ತಾರೆ. ಈ ಪಕ್ಷ ಸುಮ್ಮನೆ ನೋಡದೆ, ಆ ಪ್ರಶ್ನೆಯನ್ನೇ ಹಿಡಿದುಕೊಂಡು ನಾಲ್ಕು ಮಾತಾಡೋಣ.

ನಮ್ಮ ಸೀಮೆಯ ಸೂಪರ್‌ಹೀರೋ

ಸೂಪರ್‌ಹೀರೋ ಅಂದರೆ ಮೈಗಂಟಿದ ಉಡುಪು ತೊಟ್ಟು, ಹೆಗಲ ಮೇಲೆ ಬಟ್ಟೆ ಹಾರಿಸಿಕೊಂಡು ಆಕಾಶದಲ್ಲಿ ಹೋಗುವವನೇ ಆಗಬೇಕಿಲ್ಲ. ಹತ್ತು ಜನರಿಂದ ಆಗದ್ದನ್ನು ಒಬ್ಬನೇ ಮಾಡಿ, ಗುಂಡು ತಗುಲಿದರೂ ಎದ್ದು ನಿಲ್ಲುವವನು ನಮ್ಮ ಕಡೆಯ ಸೂಪರ್‌ಹೀರೋ. ಅಂಥವನನ್ನು ಹುಡುಕಲು ಕಾಮಸಮುದ್ರದವರಾದ ನಾವು ದೂರ ಹೋಗಬೇಕಾಗಿಲ್ಲ. ನಮ್ಮದು ಬಂಗಾರಪೇಟೆ ತಾಲ್ಲೂಕಿನ ಗಡಿ ಮೂಲೆ. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ಕನ್ನಡದಲ್ಲಿ ಬೆಲೆ ಕೇಳಿ, ತೆಲುಗಿನಲ್ಲಿ ಚೌಕಾಸಿ ಮಾಡಿ, ತಮಿಳಿನಲ್ಲಿ ಚಿಲ್ಲರೆ ಎಣಿಸುವವರು ನಾವು. ಪಕ್ಕದಲ್ಲೇ ಕೋಲಾರದ ಚಿನ್ನದ ಗಣಿ. ಆ ಗಣಿಯ ಹೆಸರಿಟ್ಟುಕೊಂಡು ಬಂದ ಚಿತ್ರ ‘ಕೆ.ಜಿ.ಎಫ್.’ ಅಲ್ಲವೇ? ಪ್ರಶಾಂತ್ ನೀಲ್ ನಿರ್ದೇಶನ, ಹೊಂಬಾಳೆ ಸಂಸ್ಥೆಯ ನಿರ್ಮಾಣ, ಯಶ್ ನಾಯಕ. ಮೊದಲನೆಯ ಭಾಗ ತೆರೆಗೆ ಬಂದದ್ದು 2018ರ ಡಿಸೆಂಬರ್ 21ರಂದು, ಎರಡನೆಯದು 2022ರ ಏಪ್ರಿಲ್ 14ರಂದು. ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳ ಬಳಿಯೇ ಸೆಟ್ಟು ಹಾಕಿ ಚಿತ್ರ ತೆಗೆದರು. ಮೊದಲು ಒಂದೇ ಚಿತ್ರವೆಂದು ಯೋಚಿಸಿದ್ದ ಕಥೆಯನ್ನು ಎರಡು ಭಾಗ ಮಾಡಿದರಂತೆ. ಎರಡನೆಯದಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡ ಚಿತ್ರವೊಂದನ್ನು ದೇಶವೆಲ್ಲ ಮುಗಿಬಿದ್ದು ನೋಡಿದ್ದು ನಮಗೂ ಹೆಮ್ಮೆಯೇ. ಹೆಮ್ಮೆ ಇದ್ದ ಕಡೆ ಪ್ರಶ್ನೆ ಇರಬಾರದು ಅಂತೇನೂ ಇಲ್ಲವಲ್ಲ!

ಮೊದಲನೆಯ ಭಾಗದ ರುಚಿ ಎಲ್ಲಿಂದ ಬಂತು?

ಸ್ವಲ್ಪ ನೆನಪು ಮಾಡಿಕೊಳ್ಳಿ. ಮೊದಲನೆಯ ಭಾಗದಲ್ಲಿ ರಾಕಿ ತನ್ನ ಕಥೆಯನ್ನು ತಾನೇ ಹೇಳುವುದಿಲ್ಲ. ಆನಂದ್ ಇಂಗಳಗಿ ಎಂಬ ಹಿರಿಯ ಪತ್ರಕರ್ತ ಹೇಳುತ್ತಾನೆ. ಅನಂತನಾಗ್ ಅವರ ಆ ಗಂಭೀರ ದನಿ, ಆ ಕಣ್ಣು ಯಾರಿಗೆ ಮರೆಯಲು ಸಾಧ್ಯ? ಎದುರಿಗೆ ಕೂತು ಪ್ರಶ್ನೆ ಕೇಳುವವಳು ಸುದ್ದಿವಾಹಿನಿಯ ಸಂಪಾದಕಿ ದೀಪಾ ಹೆಗ್ಡೆ, ಆ ಪಾತ್ರ ಮಾಡಿದವರು ಮಾಳವಿಕಾ ಅವಿನಾಶ್. ಅವಳು ಕೇಳಿದ್ದಕ್ಕೇ ಕಥೆ ಹೊರಬಂತು.

ಇನ್ನು ತಾಯಿ ಶಾಂತಮ್ಮ. ಅರ್ಚನಾ ಜೋಯಿಸ್ ಮಾಡಿದ ಈ ಪಾತ್ರ ತೆರೆಯ ಮೇಲೆ ಇರುವುದು ಸ್ವಲ್ಪ ಹೊತ್ತು. ಬಡತನದಲ್ಲಿ ಮಗನನ್ನು ಸಾಕಿ, ಕಾಯಿಲೆ ಬಿದ್ದು ಸಾಯುತ್ತಾಳೆ. ಸಾಯುವ ಮೊದಲು ಮಗನಿಂದ ಒಂದು ಮಾತು ತೆಗೆದುಕೊಳ್ಳುತ್ತಾಳೆ. ಮುಂದೆ ರಾಕಿ ಬೊಂಬಾಯಿಗೆ ಹೋಗಿ ಬೂಟು ಪಾಲಿಶ್ ಮಾಡುವುದರಿಂದ ಹಿಡಿದು ಗಣಿಯ ಒಡೆಯನಾಗುವವರೆಗೆ ಎಲ್ಲವೂ ಆ ಒಂದು ಮಾತಿನ ಬೆನ್ನು ಹಿಡಿದೇ ನಡೆಯುತ್ತದೆ. ಅಂದರೆ ಇಡೀ ಕಥೆಗೆ ಹೆಪ್ಪು ಹಾಕಿದವಳು ಅವಳು.

ಆಮೇಲೆ ನರಾಚಿಯ ಜನ. ನರಾಚಿ ಅನ್ನುವುದು ಚಿತ್ರದಲ್ಲಿ ಬರುವ ಕಟ್ಟುಕಥೆಯ ಗಣಿ. ಅಲ್ಲಿ ದುಡಿಯುವವರೆಲ್ಲ ಗುಲಾಮರು. ಕಣ್ಣೆದುರಿಗೇ ತಾಯಿ ಮಗನನ್ನು ಕೊಂದಾಗಲೂ ರಾಕಿ ಸುಮ್ಮನಿರುತ್ತಾನೆ, ಯಾಕೆಂದರೆ ಅವನು ಬಂದ ಕೆಲಸ ಬೇರೆ. ಆದರೆ ಒಬ್ಬ ಕುರುಡ ಮುದುಕನನ್ನು ಕೊಲ್ಲಲು ಎಳೆದೊಯ್ಯುವಾಗ ಅವನಿಗೆ ತಡೆಯಲಾಗುವುದಿಲ್ಲ. ಅಲ್ಲಿಂದಲೇ ಅವನು ನಾಯಕನಾಗುವುದು. ಆ ಮುದುಕನಿಲ್ಲದಿದ್ದರೆ ರಾಕಿ ಬರೀ ಸುಪಾರಿ ತಗೊಂಡು ಬಂದ ಕೊಲೆಗಾರ ಅಷ್ಟೇ.

ನೋಡಿದಿರಾ, ಮೊದಲನೆಯ ಭಾಗದ ರುಚಿಯೆಲ್ಲ ಪಕ್ಕದ ಪಾತ್ರಗಳದ್ದು. ಒಬ್ಬ ಕಥೆ ಹೇಳಿದ, ಒಬ್ಬಳು ಪ್ರಶ್ನೆ ಕೇಳಿದಳು, ಒಬ್ಬಳು ಹೆತ್ತು ಸಾಕಿದಳು, ಒಬ್ಬ ಮುದುಕ ಅವನ ಮನಸ್ಸು ತಿರುಗಿಸಿದ.

ಎರಡನೆಯ ಭಾಗದಲ್ಲಿ ಏನಾಯಿತು?

ಈಗ ಎರಡನೆಯ ಭಾಗಕ್ಕೆ ಬನ್ನಿ. ಕಥೆ ಹೇಳುತ್ತಿದ್ದ ಆನಂದ್ ಇಂಗಳಗಿಗೆ ಆರೋಗ್ಯ ಕೆಟ್ಟಿದೆ ಎಂದು ತೋರಿಸಿ, ಅವನ ಮಗ ವಿಜಯೇಂದ್ರ ಇಂಗಳಗಿಯನ್ನು ತಂದು ಕೂರಿಸಿದ್ದಾರೆ. ಪ್ರಕಾಶ್ ರಾಜ್ ದೊಡ್ಡ ನಟರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲನೆಯ ಭಾಗ ನೋಡಿದವರಿಗೆ, ಅರ್ಧ ಕಥೆ ಹೇಳಿದ ಅಜ್ಜ ಎದ್ದುಹೋಗಿ ಬೇರೆಯವರು ಬಂದು ಮುಗಿಸಿದ ಹಾಗಾಗುತ್ತದೆ. ನಟರು ಬದಲಾಗುವುದಕ್ಕೆ ನೂರು ಕಾರಣ ಇರುತ್ತದೆ, ಅದು ಬೇರೆ. ಪ್ರಾಣ ಪಣಕ್ಕಿಟ್ಟು ಪುಸ್ತಕ ಬರೆದ ಆ ಮನುಷ್ಯ ಕಡೆಗೆ ಏನಾದ ಎಂದು ನಿಂತು ನೋಡುವ ವ್ಯವಧಾನ ಕಥೆಗೇ ಇಲ್ಲ, ನನಗೆ ಬೇಜಾರಾದದ್ದು ಅದಕ್ಕೆ.

ಎಲ್ಲಕ್ಕಿಂತ ಸಂಕಟ ರೀನಾಳದ್ದು. ಶ್ರೀನಿಧಿ ಶೆಟ್ಟಿ ಮಾಡಿದ ಪಾತ್ರ. ಮೊದಲನೆಯ ಭಾಗದಲ್ಲಿ ಅವಳು ಶ್ರೀಮಂತರ ಮನೆಯ ಜಂಬದ ಹುಡುಗಿ. ಬೇಕು ಬೇಡ ಎರಡನ್ನೂ ಬಾಯಿ ಬಿಟ್ಟು ಹೇಳುವವಳು. ಎರಡನೆಯ ಭಾಗದಲ್ಲಿ ಅವಳನ್ನು ಒತ್ತೆಯಾಳಾಗಿ ನರಾಚಿಗೆ ಕರೆತರುತ್ತಾರೆ. ಅದು ತಪ್ಪೆಂದು ಎದುರು ನಿಂತ ಕಮಲ್ ಪಾತ್ರವನ್ನು ಆರಂಭದಲ್ಲೇ ಮುಗಿಸಿಬಿಡುತ್ತಾರೆ. ಹಿಡಿದು ತಂದವನ ಮೇಲೆ ಅವಳಿಗೆ ಹೇಗೆ ಪ್ರೀತಿ ಹುಟ್ಟಿತು? ರಾತ್ರಿ ಒಬ್ಬಳೇ ಕೂತು ಏನು ಯೋಚಿಸಿದಳು? ತಾಯಿ ಮನೆಯ ನೆನಪಾಯಿತೇ? ಒಂದನ್ನೂ ತೋರಿಸುವುದಿಲ್ಲ. ಮದುವೆಯಾಗುತ್ತದೆ. ತಾನು ಬಸುರಿ ಎಂದು ಗಂಡನಿಗೆ ಹೇಳುತ್ತಾಳೆ. ಆ ಹೊತ್ತಿಗೇ ಅಧೀರನ ಕಡೆಯವರ ದಾಳಿ. ಗುಂಡೇಟಿಗೆ ಪ್ರಾಣ ಬಿಡುತ್ತಾಳೆ. ಮುಂದಿನ ಹೊಡೆದಾಟಕ್ಕೆ ನಾಯಕನಿಗೆ ಸಿಟ್ಟು ಬೇಕಿತ್ತು, ಅದಕ್ಕೆ ಒಂದು ಹೆಣ್ಣುಜೀವ, ಜೊತೆಗೆ ಹೊಟ್ಟೆಯೊಳಗಿನ ಕೂಸು ಸೌದೆಯಾಯಿತು.

“ಸಿನಿಮಾ ಅಲ್ವೇನೇ, ಅಷ್ಟೊಂದು ಯಾಕೆ ತಲೆ ಕೆಡಿಸ್ಕೊಳ್ತೀಯಾ” ಅಂದರು ನಮ್ಮ ಪಕ್ಕದ ಮನೆಯಾಕೆ. ನಿಜ. ಆದರೆ ಬಸುರಿ ಹೆಂಗಸು ಸತ್ತ ದೃಶ್ಯಕ್ಕೆ ನಾವು ಕಣ್ಣು ಒರೆಸಿಕೊಳ್ಳುವುದರೊಳಗೆ ಮಕ್ಕಳು “ಈಗ ನೋಡು, ಹೆಂಗೆ ಬಾರಿಸ್ತಾನೆ” ಅಂತ ಕುರ್ಚಿಯ ತುದಿಗೆ ಬರುತ್ತಾರಲ್ಲ, ಅದನ್ನು ನೋಡಿದಾಗ ನನಗೆ ಎದೆ ಝಲ್ಲೆನ್ನುತ್ತದೆ. ಅವರ ತಪ್ಪಲ್ಲ. ದೃಶ್ಯವನ್ನು ಕಟ್ಟಿರುವುದೇ ಹಾಗೆ.

ನ್ಯಾಯವಾಗಿ ಹೇಳಬೇಕೆಂದರೆ ಎರಡನೆಯ ಭಾಗದಲ್ಲಿ ಒಳ್ಳೆಯದೂ ಇದೆ. ಫಾತಿಮಾ ಎಂಬ ತಾಯಿ ಇದ್ದಾಳೆ, ಈಶ್ವರಿ ರಾವ್ ಮಾಡಿದ್ದಾರೆ. ಅವಳ ಮಗ ಫರ್ಹಾನ್ ರಾಕಿಯ ಕಾವಲು ಪಡೆ ಸೇರಿ ಅಧೀರನ ಕೈಗೆ ಸಿಕ್ಕಿ ಸಾಯುತ್ತಾನೆ. ಆ ತಾಯಿಯ ಮುಖದಲ್ಲಿ ಇಡೀ ಗಣಿಯ ಸಂಕಟ ಕಾಣುತ್ತದೆ. ರವೀನಾ ಟಂಡನ್ ಮಾಡಿದ ಪ್ರಧಾನಮಂತ್ರಿ ರಮಿಕಾ ಸೇನ್ ಪಾತ್ರವೂ ಗಟ್ಟಿ. ಅವಳು ಯಾರ ಹೆಂಡತಿಯಾಗಿಯೂ, ಯಾರ ತಾಯಿಯಾಗಿಯೂ ಅಲ್ಲಿಲ್ಲ. ಅವಳಿಗೆ ಅವಳದೇ ಕೆಲಸವಿದೆ, ಅದನ್ನು ಮಾಡುತ್ತಾಳೆ. ಹೀಗೆ ಬರೆಯುವ ಶಕ್ತಿ ಇದ್ದವರು ರೀನಾಳಿಗೂ ಇನ್ನೊಂದೆರಡು ದೃಶ್ಯ ಬರೆದಿದ್ದರೆ ಏನು ನಷ್ಟವಾಗುತ್ತಿತ್ತು?

ಫ್ರಿಜ್ಜಿನೊಳಗಿನ ಹೆಂಗಸರು

ಇದು ನಮ್ಮವರು ಮಾತ್ರ ಮಾಡಿದ್ದಲ್ಲ. ಕಾಲೇಜಿಗೆ ಹೋಗುವ ನನ್ನ ಮಗಳು ಒಂದು ಸಂಗತಿ ಹೇಳಿದಳು. ಅಮೆರಿಕದಲ್ಲಿ 1994ರ ‘ಗ್ರೀನ್ ಲ್ಯಾಂಟರ್ನ್’ ಎಂಬ ಚಿತ್ರಕಥೆ ಪುಸ್ತಕದಲ್ಲಿ ನಾಯಕ ಮನೆಗೆ ಬಂದು ನೋಡುತ್ತಾನೆ, ಅವನ ಪ್ರೇಯಸಿಯನ್ನು ಖಳನಾಯಕ ಕೊಂದು ಫ್ರಿಜ್ಜಿನಲ್ಲಿ ತುಂಬಿಟ್ಟಿದ್ದಾನೆ. ಇದನ್ನು ಓದಿ ಮನಸ್ಸು ಕೆಟ್ಟ ಗೇಲ್ ಸಿಮೋನ್ ಎಂಬಾಕೆ, ನಾಯಕನಿಗೆ ಸಿಟ್ಟು ಬರಿಸುವ ಸಲುವಾಗಿ ಸತ್ತ, ನೊಂದ, ಶಕ್ತಿ ಕಳೆದುಕೊಂಡ ಹೆಣ್ಣು ಪಾತ್ರಗಳ ಹೆಸರುಗಳನ್ನು 1999ರಲ್ಲಿ ಒಂದು ಪಟ್ಟಿ ಮಾಡಿದಳು. ಪಟ್ಟಿ ಉದ್ದಕ್ಕೆ ಬೆಳೆಯಿತು. ‘ಫ್ರಿಜ್ಜಿನೊಳಗಿನ ಹೆಂಗಸರು’ ಅನ್ನುವ ಮಾತೇ ಹುಟ್ಟಿಕೊಂಡಿತು. ಆಮೇಲೆ ಆಕೆಯೇ ಸೂಪರ್‌ಹೀರೋ ಕಥೆಗಳನ್ನು ಬರೆಯುವ ದೊಡ್ಡ ಲೇಖಕಿಯಾದಳು. ಬೈದು ಸುಮ್ಮನಾಗದೆ, ಸೌಟು ತಾನೇ ಹಿಡಿದಳು ಅನ್ನಿ!

ಸಾಯಿಸದಿದ್ದರೆ ಊರು ಬಿಡಿಸುತ್ತಾರೆ. ‘ಸೂಪರ್‌ಮ್ಯಾನ್’ ಚಿತ್ರದ ಲೋಯಿಸ್ ಲೇನ್ ಗೊತ್ತಲ್ಲ, ಪತ್ರಕರ್ತೆ? 1978 ಮತ್ತು 1980ರ ಮೊದಲ ಎರಡು ಚಿತ್ರಗಳಲ್ಲಿ ಮಾರ್ಗೊಟ್ ಕಿಡ್ಡರ್ ಮಾಡಿದ ಆ ಪಾತ್ರ ನಾಯಕನಷ್ಟೇ ಮುಖ್ಯ. 1983ರ ಮೂರನೆಯ ಚಿತ್ರದಲ್ಲಿ ಅವಳನ್ನು ಆರಂಭದಲ್ಲೇ ರಜೆಯ ಮೇಲೆ ಬರ್ಮುಡಾಕ್ಕೆ ಕಳಿಸಿಬಿಟ್ಟರು. ಕಥೆಯೆಲ್ಲ ಮುಗಿದ ಮೇಲೆ ವಾಪಸ್ಸು ಬಂದಳು.

ನಮ್ಮಲ್ಲೂ ಇತ್ತು. ಡಾ. ರಾಜಕುಮಾರ್ ಅವರ ಸಿ.ಐ.ಡಿ. 999 ಚಿತ್ರಗಳು ನೆನಪಿವೆಯೇ? ದೊರೆ-ಭಗವಾನ್ ಜೋಡಿಯ ‘ಜೇಡರ ಬಲೆ’ ಬಂದದ್ದು 1968ರಲ್ಲಿ, ನಾಯಕಿ ಜಯಂತಿ. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ನಾಯಕಿ ಲಕ್ಷ್ಮಿ. 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ನಾಯಕಿ ರೇಖಾ. 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’, ನಾಯಕಿ ಪದ್ಮಪ್ರಿಯ. ನಾಯಕ ಅದೇ 999, ನಾಯಕಿ ಮಾತ್ರ ಪ್ರತಿ ಸಲವೂ ಹೊಸಬಳು. ಹಳೆಯವಳು ಏನಾದಳು ಎಂದು ಯಾರೂ ಕೇಳಲಿಲ್ಲ. ಇಂಗ್ಲಿಷಿನ ಜೇಮ್ಸ್ ಬಾಂಡ್ ಚಿತ್ರಗಳ ದಾರಿ ಅದು.

ಆ ರೇಖಾ ಅವರದ್ದೇ ಇನ್ನೊಂದು ಕಥೆ ಕೇಳಿ. ಮೂವತ್ತನಾಲ್ಕು ವರ್ಷದ ಮೇಲೆ, 2003ರ ಹಿಂದಿ ಚಿತ್ರ ‘ಕೋಯೀ ಮಿಲ್ ಗಯಾ’ದಲ್ಲಿ ಅವರು ಹೃತಿಕ್ ರೋಷನ್‌ಗೆ ತಾಯಿ. 2006ರ ‘ಕ್ರಿಶ್’ನಲ್ಲಿ ಅದೇ ಪಾತ್ರ ಅಜ್ಜಿಯಾಗಿ, ಮೊಮ್ಮಗನ ಶಕ್ತಿ ಯಾರ ಕಣ್ಣಿಗೂ ಬೀಳದಿರಲೆಂದು ದೂರದ ಬೆಟ್ಟದ ಊರಿಗೆ ಕರೆದೊಯ್ದು ಸಾಕುತ್ತದೆ. 2013ರ ‘ಕ್ರಿಶ್ 3’ರ ಹೊತ್ತಿಗೆ ರೇಖಾ ಇಲ್ಲವೇ ಇಲ್ಲ. ಮೊದಲ ಚಿತ್ರದ ನಾಯಕಿ ನಿಶಾ ಎರಡನೆಯದರಲ್ಲಿ ಬರೀ ನೆನಪು. ಇನ್ನು ಮೊದಲ ಚಿತ್ರದಲ್ಲಿ ನಾಯಕನ ಬೆನ್ನಿಗೆ ನಿಂತ ಪುಟಾಣಿ ಗೆಳೆಯರ ದಂಡು? ಬೆಳೆದು ಏನಾದರೋ, ಆ ದೇವರೇ ಬಲ್ಲ.

ಇಷ್ಟೇಕೆ, ಹದಿನಾಲ್ಕು ವರ್ಷ ಅರಮನೆಯಲ್ಲಿ ಒಬ್ಬಳೇ ಉಳಿದ ಊರ್ಮಿಳೆ ಏನು ಮಾಡುತ್ತಿದ್ದಳು ಎಂದು ನಮ್ಮ ಅಜ್ಜಿಯರು ರಾಮಾಯಣ ಕೇಳುವಾಗಲೇ ಕೇಳುತ್ತಿದ್ದರು. ಪಟ್ಟಾಭಿಷೇಕವಾದ ಮೇಲೆ ಬರುವ ಉತ್ತರಕಾಂಡದಲ್ಲಿ ಸೀತೆಯನ್ನು ಕಾಡಿಗೆ ಕಳಿಸಿದ್ದಕ್ಕೆ ಕಣ್ಣೀರು ಹಾಕದ ಹೆಂಗಸು ಯಾರು? ಪಕ್ಕದಲ್ಲಿದ್ದವರ ಲೆಕ್ಕ ಕೇಳುವುದು ನಮ್ಮ ಹಳೆಯ ಅಭ್ಯಾಸ. ಅದನ್ನು ಬಿಡಬೇಕಾಗಿಲ್ಲ.

ಯಾಕೆ ಹೀಗಾಗುತ್ತದೆ?

ಯೋಚಿಸಿದರೆ ಕಾರಣ ಕಷ್ಟವೇನಲ್ಲ. ಎರಡನೆಯ ಭಾಗದಲ್ಲಿ ನಾಯಕ ಮೊದಲಿಗಿಂತ ದೊಡ್ಡವನಾಗಬೇಕು. ಅವನಿಗೆ ತಕ್ಕಂತೆ ದೊಡ್ಡ ಖಳನಾಯಕ ಬೇಕು. ಕೆ.ಜಿ.ಎಫ್.ಗೆ ಸಂಜಯ್ ದತ್ ಬಂದ ಹಾಗೆ, ಬೇರೆ ಭಾಷೆಯ ಜನರನ್ನೂ ಸೆಳೆಯುವ ಹೊಸ ಮುಖಗಳು ಬೇಕು. ಆದರೆ ಸಮಯ ಅಷ್ಟೇ, ಎರಡೂಮುಕ್ಕಾಲು ಗಂಟೆ. ಮನೆಗೆ ಹೊಸ ನೆಂಟರು ಬಂದಾಗ ಮನೆಯವರೇ ಚಾಪೆ ಬಿಟ್ಟುಕೊಟ್ಟು ಮೂಲೆಯಲ್ಲಿ ಮಲಗುವುದಿಲ್ಲವೇ? ಹಾಗೆ ಹಳೆಯ ಪಾತ್ರಗಳು ಜಾಗ ಬಿಡುತ್ತವೆ.

ಇನ್ನೊಂದು ಕಾರಣವೂ ಇದೆ. ಮೊದಲನೆಯ ಭಾಗದಲ್ಲಿ ನಾಯಕ ಏನೂ ಇಲ್ಲದವನು. ಅವನಿಗೆ ಅನ್ನ ಬೇಕು, ಆಸರೆ ಬೇಕು, ಬುದ್ಧಿಮಾತು ಬೇಕು. ಕೊಡುವವರು ಕಥೆಯೊಳಗೆ ತಾವಾಗಿ ಬರುತ್ತಾರೆ. ಎರಡನೆಯ ಭಾಗದಲ್ಲಿ ಅವನಿಗೆ ಯಾರಿಂದಲೂ ಏನೂ ಬೇಡ. ಬೇಡವಾದ ಮೇಲೆ ಸುತ್ತಲಿನವರು ಚಪ್ಪಾಳೆ ತಟ್ಟುವವರಾಗಿ ಉಳಿಯುತ್ತಾರೆ, ಇಲ್ಲವೇ ಸಾಯುತ್ತಾರೆ. ಮೇಲೆ ಬಂದ ಮಗ ಹಳ್ಳಿಯ ನೆಂಟರನ್ನು ಮರೆಯುವುದನ್ನು ನಾವು ಎಷ್ಟು ಮನೆಗಳಲ್ಲಿ ನೋಡಿಲ್ಲ!

ಹಾಗಂತ ಎರಡನೆಯ ಭಾಗವೆಲ್ಲ ಹೀಗೇ ಇರಬೇಕು ಎಂದು ವಿಧಿ ಬರೆದಿಲ್ಲ. 2015ರ ‘ಬಾಹುಬಲಿ’ ನೋಡಿ. ಅದರಲ್ಲಿ ದೇವಸೇನೆ ಸರಪಳಿ ಬಿಗಿಸಿಕೊಂಡು ಕಡ್ಡಿ ಆಯುವ ಮುದುಕಿ. 2017ರ ಎರಡನೆಯ ಭಾಗದಲ್ಲಿ ಅವಳದೇ ಯೌವನ, ಅವಳದೇ ಹಟ, ತುಂಬಿದ ಸಭೆಯಲ್ಲಿ ಎದುರು ನಿಂತು ಮಾತಾಡುವ ಅವಳ ಧೈರ್ಯ. ಪಾತ್ರ ಬೆಳೆಯಿತು. ಕಟ್ಟಪ್ಪನಂತೂ ಸರಿಯೇ ಸರಿ. ಅರಮನೆಯ ಒಬ್ಬ ಸೇವಕ ಯಾಕೆ ಹಾಗೆ ಮಾಡಿದ ಎಂದು ದೇಶವೇ ಎರಡು ವರ್ಷ ಕೇಳಿತು. ಪಕ್ಕದ ಪಾತ್ರಕ್ಕೆ ಸಂದ ಅಂಥ ಮರ್ಯಾದೆಯನ್ನು ನಾನಂತೂ ಬೇರೆ ಕಡೆ ನೋಡಿಲ್ಲ. ಆದರೆ ಅದೇ ಚಿತ್ರದಲ್ಲಿ ಮೊದಲ ಭಾಗದ ವೀರ ಹುಡುಗಿ ಅವಂತಿಕಾ ಎರಡನೆಯದರಲ್ಲಿ ಹೆಸರಿಗೆ ಮಾತ್ರ. ಒಬ್ಬಳಿಗೆ ಬಡಿಸಿ ಇನ್ನೊಬ್ಬಳ ಎಲೆ ಎತ್ತಿದ ಹಾಗೆ.

ನನಗೆ ತುಂಬ ಹಿಡಿಸಿದ್ದು 2004ರ ‘ಸ್ಪೈಡರ್‌ಮ್ಯಾನ್ 2’ರ ಮೇ ಚಿಕ್ಕಮ್ಮ. ರೋಸ್‌ಮೇರಿ ಹ್ಯಾರಿಸ್ ಎಂಬ ಹಿರಿಯ ನಟಿ ಮಾಡಿದ್ದಾರೆ. ಗಂಡ ಸತ್ತಿದ್ದಾನೆ, ಮನೆ ಕೈತಪ್ಪುತ್ತಿದೆ, ಬ್ಯಾಂಕಿಗೆ ಹೋಗಿ ಸಾಲ ಕೇಳುತ್ತಾಳೆ, ಸಿಗುವುದಿಲ್ಲ. ಸಾಮಾನು ಕಟ್ಟಿ ಮನೆ ಖಾಲಿ ಮಾಡುತ್ತಾಳೆ. ಗಂಡನ ಸಾವಿನಲ್ಲಿ ತನ್ನ ಪಾಲೂ ಇದೆ ಎಂದು ಸಾಕಿದ ಹುಡುಗ ಹೇಳಿಕೊಂಡಾಗ ಮಾತಿಲ್ಲದೆ ಎದ್ದುಹೋಗುತ್ತಾಳೆ, ಆಮೇಲೆ ಕ್ಷಮಿಸುತ್ತಾಳೆ. ಖಳನಾಯಕ ಎತ್ತಿಕೊಂಡು ಹೋದಾಗ ಅವನಿಗೆ ತನ್ನ ಕೊಡೆಯಿಂದಲೇ ಒಂದು ಬಾರಿಸುತ್ತಾಳೆ. ನಾಯಕ ಹಾರಲಿ ಬಿಡಲಿ, ಅವಳ ಬಾಳು ಅವಳಿಗಿದೆ. ಒಳ್ಳೆಯ ಎರಡನೆಯ ಭಾಗ ಅಂದರೆ ಅದು. ನಾಯಕ ತೆರೆಯ ಮೇಲೆ ಇಲ್ಲದಾಗಲೂ ಪಕ್ಕದವರ ಬದುಕು ನಡೆಯುತ್ತಿರಬೇಕು.

ನಮ್ಮ ಗಣಿಯ ಜನ

ಈಗ ನನ್ನ ಮನಸ್ಸಿಗೆ ನಿಜವಾಗಿ ನಾಟಿದ ಮಾತಿಗೆ ಬರುತ್ತೇನೆ. ಕೆ.ಜಿ.ಎಫ್. ಚಿತ್ರದಲ್ಲಿ ಅತಿ ದೊಡ್ಡ ಪಕ್ಕದ ಪಾತ್ರ ಯಾವುದು ಹೇಳಿ? ಆ ಸಾವಿರಾರು ಜನ. ಮಸಿ ಮೆತ್ತಿದ ಮುಖ, ಹರಕು ಬಟ್ಟೆ, ಹೆಸರಿಲ್ಲ. ಮೊದಲನೆಯ ಭಾಗದಲ್ಲಿ ಅವರಲ್ಲಿ ಕೆಲವರಿಗಾದರೂ ಮುಖವಿತ್ತು. ಎರಡನೆಯದರಲ್ಲಿ ಹೆಚ್ಚಿನವರು ಬರೀ ಜಯಕಾರ ಹಾಕುವ ಗುಂಪು. ಊರೂರಿನಲ್ಲಿ ಆ ಚಿತ್ರ ನೋಡಿದ ಮಕ್ಕಳು ಕೆ.ಜಿ.ಎಫ್. ಅಂದರೆ ಅದೇ ಎಂದು ತಿಳಿದಿದ್ದಾರೆ. ನಾವು ಈ ಕಡೆಯವರು ಎಂದರೆ ಸಾಕು, “ಅಲ್ಲಿ ನಿಜವಾಗ್ಲೂ ಹಂಗೇ ಇತ್ತಾ ಆಂಟಿ?” ಅಂತ ಮಕ್ಕಳು ಕೇಳುತ್ತಾರೆ.

ಹಾಗಿರಲಿಲ್ಲ. ಚಿತ್ರದಲ್ಲಿ ಚಿನ್ನ ಸಿಕ್ಕುವುದು 1951ರಲ್ಲಿ. ನಿಜವಾಗಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪನಿ 1880ರಲ್ಲೇ ಗಣಿ ಕೆಲಸ ಕೈಗೆತ್ತಿಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. ಬೆಂಗಳೂರಿಗೆ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ, ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದಾಗಿತ್ತು. ತಮಿಳು ನಾಡಿನ ಆರ್ಕಾಟಿನ ಕಡೆಯಿಂದ, ತೆಲುಗು ಸೀಮೆಯಿಂದ, ನಮ್ಮ ಹಳ್ಳಿಗಳಿಂದ ಬಂದ ಬಡವರು, ಅದರಲ್ಲೂ ಹೆಚ್ಚಾಗಿ ದಲಿತ ಕುಟುಂಬದವರು ಅಲ್ಲಿಗೆ ಇಳಿದರು. ಒಳಗೆ ಸುಡುವ ಸೆಕೆ, ಬಂಡೆ ಸಿಡಿಯುವ ಭಯ, ಕಲ್ಲಿನ ಧೂಳು ಪುಪ್ಪುಸಕ್ಕೆ ಕೂತು ಬರುವ ಕಾಯಿಲೆ. ಅವರಿಗೆ ಹೆಸರಿತ್ತು, ಸಂಘವಿತ್ತು, ಬೀದಿಗೊಂದು ದೇವಸ್ಥಾನ, ಇಗರ್ಜಿ, ಫುಟ್‌ಬಾಲ್ ಇತ್ತು.

ಇನ್ನೊಂದು ಮಾತು. 1930ರಲ್ಲಿ ಗಣಿ ಕೆಲಸಗಾರರೆಲ್ಲ ಬೆರಳಚ್ಚು ಕೊಡಬೇಕು ಎಂಬ ಕಟ್ಟಳೆ ಬಂತು. ನಾವೇನು ಕಳ್ಳರೇ ಎಂದು ಸಾವಿರಾರು ಜನ ಕೆಲಸ ನಿಲ್ಲಿಸಿದರು. ಹೊರಗಿನಿಂದ ಯಾವ ರಾಕಿಯೂ ಬಂದಿರಲಿಲ್ಲ. ಚಿತ್ರದ ನರಾಚಿಯ ಜನ ಒಬ್ಬ ಬರಲಿ ಎಂದು ಕಾಯುತ್ತಾರೆ. ನಮ್ಮ ಗಣಿಯ ಜನ ತಾವೇ ಎದ್ದು ನಿಂತಿದ್ದರು. ಮುಷ್ಕರದ ದಿನಗಳಲ್ಲಿ ಕೂಲಿಯಿಲ್ಲದೆ ಒಲೆ ಹೊತ್ತಿಸಿದ ಹೆಂಗಸರ ಹೆಸರು ಯಾವ ಪುಸ್ತಕದಲ್ಲೂ ಸಿಗಲಿಕ್ಕಿಲ್ಲ. ಆದರೆ ಒಲೆ ಹೊತ್ತಿಸದೆ ಮುಷ್ಕರ ನಡೆಯುವುದಿಲ್ಲ ಎಂಬುದು ನಮಗೆ ಗೊತ್ತು.

ಈ ಊರಿನ ಕಥೆಗೂ ಎರಡನೆಯ ಭಾಗ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆ ಭಾಗದಲ್ಲಿ ನಾಯಕನಿಲ್ಲ, ಎಲ್ಲರೂ ಪಕ್ಕದ ಪಾತ್ರಗಳೇ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಗಿನ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ಜನ ಅವರು. ನಸುಕಿನಲ್ಲೇ ಎದ್ದು ಅವರ ಡಬ್ಬಿ ಕಟ್ಟುವ ಹೆಂಗಸರು ಅವರು. ಗಾಳಿ ಬೀಸಿದಾಗ ಸೈನೈಡ್ ದಿಬ್ಬದ ಬೂದು ಮಣ್ಣು ಒಗೆದ ಬಟ್ಟೆಯ ಮೇಲೆ ಬಂದು ಕೂರುತ್ತದೆ, ಮತ್ತೆ ಒಗೆಯುತ್ತಾರೆ. ಆ ದಿಬ್ಬ ತೆರೆಯ ಮೇಲೆ ಬಲು ಚೆಂದ ಕಂಡಿತು. ಅದರ ಕೆಳಗೆ ಬಾಳುವವರು ಕಾಣಲಿಲ್ಲ.

ನಾವೇನು ಮಾಡಬಹುದು?

ಚಿತ್ರ ನೋಡಬೇಡಿ ಎಂದು ನಾನು ಹೇಳುವುದಿಲ್ಲ. ಮಕ್ಕಳ ಸಂತೋಷಕ್ಕೆ ಅಡ್ಡ ಬರುವುದೂ ತರವಲ್ಲ. ಆದರೆ ಚಿತ್ರ ಮುಗಿದ ಮೇಲೆ, ಬೇಕಿದ್ದರೆ ಒಂದು ತಟ್ಟೆ ಚುರುಮುರಿ ಕೈಗೆ ಕೊಟ್ಟು, ಈ ಮೂರು ಪ್ರಶ್ನೆ ಕೇಳಿ ನೋಡಿ.

ಒಂದು: ಮೊದಲನೆಯ 
ಭಾಗದಲ್ಲಿ ಇದ್ದವರಲ್ಲಿ ಈಗ ಯಾರು ಕಾಣಲಿಲ್ಲ? ಅವರು ಏನಾದರು ಅಂತ ಕಥೆ ಹೇಳಿತೇ?

ಎರಡು: ಸತ್ತವರು ಯಾಕೆ ಸತ್ತರು? ಅವರ ಕಥೆ ಮುಗಿದಿತ್ತೇ, ಇಲ್ಲ ನಾಯಕನಿಗೆ ಸಿಟ್ಟು ಬರಬೇಕಿತ್ತೇ?

ಮೂರು: ಹೆಸರಿಲ್ಲದ ಆ ಗುಂಪಿನಲ್ಲಿ ಒಬ್ಬರನ್ನು ಆರಿಸಿಕೋ. ಅವರ ಮನೆಯಲ್ಲಿ ಆವತ್ತು ರಾತ್ರಿ ಏನು ನಡೆದಿರಬಹುದು, ನೀನೇ ಹೇಳು.

ಮೂರನೆಯ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರ ಕೇಳಿದರೆ ನೀವೇ ಬೆರಗಾಗುತ್ತೀರಿ. ನಮ್ಮ ಹೈಸ್ಕೂಲಿನ ಹುಡುಗ ಒಂದು ದಿನ ರೀನಾಳ ಅಮ್ಮನ ಕಥೆ ಕಟ್ಟಿ ಹೇಳಿದ. ಮಗಳನ್ನು ಹುಡುಕಿಕೊಂಡು ಆಕೆ ನರಾಚಿಯ ಬಾಗಿಲವರೆಗೂ ಬಂದಳಂತೆ! ಚಿತ್ರಕ್ಕಿಂತ ಅದೇ ಚೆನ್ನಾಗಿತ್ತು.

ನಿಮ್ಮ ಊರಿನಲ್ಲಿ ಗಣಿಗೆ, ಗಿರಣಿಗೆ, ಕಾರ್ಖಾನೆಗೆ ಹೋಗಿ ದುಡಿದ ಹಿರಿಯರಿದ್ದರೆ ಮಕ್ಕಳನ್ನು ಅವರ ಹತ್ತಿರ ಒಂದು ಗಂಟೆ ಕೂರಿಸಿ. ಅಜ್ಜನಷ್ಟೇ ಅಜ್ಜಿಯನ್ನೂ ಕೇಳಿಸಿ. ಪಾಳಿ ಮುಗಿದ ಕೂಗು ಕೇಳಿದ ಮೇಲೂ ಗಂಡ ಮನೆಗೆ ಬರದೆ ತಡವಾದಾಗ ಬಾಗಿಲಲ್ಲಿ ನಿಂತು ಆಕೆ ಏನು ಎಣಿಸುತ್ತಿದ್ದಳು ಎಂದು ಕೇಳಲಿ. ಹೇಳುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮುಂದಕ್ಕೆ ಹಾಕುವ ಕೆಲಸ ಇದಲ್ಲ.

ಕೆ.ಜಿ.ಎಫ್.ಗೆ ಮೂರನೆಯ ಭಾಗವೂ ಬರಬಹುದು ಎಂಬ ಸೂಚನೆ ಎರಡನೆಯದರ ಕೊನೆಯಲ್ಲೇ ಇದೆ. ಬರಲಿ, ನೋಡೋಣ. ದೀಪಾ ಹೆಗ್ಡೆ ಮತ್ತೆ ಕುರ್ಚಿಯಲ್ಲಿ ಕೂತರೆ, ಈ ಸಲ ಅವಳು ರಾಕಿಯನ್ನು ಬಿಟ್ಟು ಫಾತಿಮಾಳ ಬಗ್ಗೆ ಒಂದು ಪ್ರಶ್ನೆ ಕೇಳಲಿ ಎಂದು ನನ್ನ ಆಸೆ. ನೀವು ನೋಡಿದ ಯಾವ ಚಿತ್ರದಲ್ಲಿ, ಯಾವ ಪಾತ್ರ ಏನಾಯಿತೆಂದು ಇಂದಿಗೂ ನಿಮ್ಮ ಮನಸ್ಸು ಕೊರೆಯುತ್ತಿದೆ? ಒಂದು ಕಾರ್ಡು ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಅವರನ್ನೆಲ್ಲ ಒಟ್ಟಿಗೆ ಕೂರಿಸಿ ಮಾತಾಡಿಸೋಣ.